ಕತ್ತರಿ ಹಿಡಿದವರಿಗೆ ಮೊದಲ ರೊಟ್ಟಿ

ರಾಯಚೂರಿನಲ್ಲಿ ನಾವಿದ್ದ ಬಾಡಿಗೆ ಮನೆಗೆ ಎರಡೂವರೆ ಕೋಣೆ ಎಂದು ನನ್ನ ಆಗಿನ ನೋಟ್‌ಬುಕ್ಕಿನಲ್ಲಿ ಬರೆದಿದೆ. ಅಡುಗೆ ಮಾಡುವ ಕೋಣೆ ಒಂದು, ನಾನು, ಅಪ್ಪ, ಅವ್ವ ಮಲಗುವ ಕೋಣೆ ಇನ್ನೊಂದು. ಉಳಿದ ಅರ್ಧವೆಂದರೆ ಮುಂದಿನ ಕಟ್ಟೆಗೆ ತಗಡು ಹೊಡೆದು ಮರೆಮಾಡಿದ ಜಾಗ. ಅಲ್ಲಿ ಅವ್ವನ ಅಪ್ಪ, ನನ್ನ ಮುತ್ಯಾ, ಇರುತ್ತಿದ್ದ. ಅವನ ಸಾಮಾನನ್ನೂ ನಾನು ಎಣಿಸಿ ಬರೆದಿದ್ದೆ: ಕೌದಿ ಒಂದು, ರುಮಾಲು ಎರಡು, ಕೋಲು ಒಂದು, ಹಳೆಯ ಅಂಗಿಯ ತುಂಡಿನಲ್ಲಿ ಸುತ್ತಿಟ್ಟ ಕತ್ತರಿ ಒಂದು, ಹಣಿಗೆ ಒಂದು. ಎಂಟನೆಯ ತರಗತಿಯಲ್ಲಿದ್ದ ನನಗೆ ಎಣಿಸುವುದೇ ಒಂದು ಆಟ. ಯಾರು ಎಷ್ಟು ರೊಟ್ಟಿ ತಿಂದರು, ನಲ್ಲಿಗೆ ಯಾವ ದಿನ ನೀರು ಬಂತು, ಅವ್ವ ಅಪ್ಪನ ಮೇಲೆ ಎಷ್ಟು ಸಲ ಸಿಟ್ಟಾದಳು, ಎಲ್ಲಕ್ಕೂ ಸ್ಕೇಲು ಹಿಡಿದು ಗೆರೆ ಎಳೆದು ಬೇರೆ ಬೇರೆ ಕಾಲಂ ಮಾಡಿದ್ದೆ. ಈಗ ಮಾನ್ವಿಯಲ್ಲಿ ಮಕ್ಕಳಿಗೆ ಗಣಿತ ಕಲಿಸುತ್ತೇನೆ. ಆ ನೋಟ್‌ಬುಕ್ಕುಗಳು ಇನ್ನೂ ನನ್ನ ಹತ್ತಿರ ಇವೆ. ಅವುಗಳಲ್ಲಿ ತಾರೀಖುಗಳೆಲ್ಲ ಸರಿಯಾಗಿವೆ, ಇಲ್ಲಿ ಅವು ಬೇಡ. ಒಂದು ವರ್ಷದ ಲೆಕ್ಕದಲ್ಲಿ ನಾನು ಮಾಡಿದ ತಪ್ಪನ್ನಷ್ಟೇ ಹೇಳುತ್ತೇನೆ. ಆ ಲೆಕ್ಕದಲ್ಲಿ ಕೂಡಿಸುವ ತಪ್ಪು ಒಂದೂ ಇರಲಿಲ್ಲ.

ನಮ್ಮ ಮನೆಯಲ್ಲಿ ಯಾರೂ ಕಟಿಂಗ್ ಅಂಗಡಿಗೆ ಹೋದವರಲ್ಲ. ಅಪ್ಪನ ಕೂದಲನ್ನೂ ನನ್ನ ಕೂದಲನ್ನೂ ಮುತ್ಯಾನೇ ಕತ್ತರಿಸುತ್ತಿದ್ದ. ಅದು ಅವನ ಕಸುಬಲ್ಲ. ಅವನು ದುಡಿದದ್ದು ದೇವದುರ್ಗ ತಾಲೂಕಿನ ತನ್ನ ಊರಿನಲ್ಲಿ, ಕಂಡವರ ಹೊಲದಲ್ಲಿ. ಆ ಊರಿನ ಅಂಗಡಿಯಲ್ಲಿ ನಮ್ಮ ಕೇರಿಯವರ ತಲೆಯನ್ನು ಯಾರೂ ಮುಟ್ಟುತ್ತಿರಲಿಲ್ಲ. ಅಲ್ಲಿಯ ಬಾಗಿಲಲ್ಲಿ ಒಂದು ಸಲ ನಿಂತು ಹಿಂದಕ್ಕೆ ಬಂದ ಮುತ್ಯಾ, ದೇವದುರ್ಗದ ಒಬ್ಬ ಟೇಲರ್ ಸಾಬರ ಹತ್ತಿರ ಬಟ್ಟೆ ಕತ್ತರಿಸುವ ಹಳೆಯ ಕತ್ತರಿಯೊಂದನ್ನು ಇಸಿದುಕೊಂಡು, ಮೊದಲು ತನ್ನ ತಮ್ಮನ ತಲೆಯ ಮೇಲೆ ಕಲಿತನಂತೆ. ಆಮೇಲೆ ಇಡೀ ಕೇರಿಯ ತಲೆಗಳು ಅವನ ಕೈಗೆ ಬಂದವು. ಅಮಾವಾಸ್ಯೆಯ ದಿನ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಕೂಲಿಯೂ ಇರುವುದಿಲ್ಲ. ಅಂದು ಬೆಳಗ್ಗೆಯಿಂದ ಬೇವಿನ ಗಿಡದ ಕೆಳಗೆ ಗಂಡಸರು ಸಾಲು ಹಿಡಿದು ಕೂಡುತ್ತಿದ್ದರು. ಮುತ್ಯಾ ಯಾರ ರೊಕ್ಕವನ್ನೂ ಮುಟ್ಟುತ್ತಿರಲಿಲ್ಲ. ಅವನದು ಒಂದೇ ಕಟ್ಟಳೆ. ಯಾವ ಮನೆಯ ತಲೆಗೆ ಕತ್ತರಿ ಹಾಕಿದನೋ ಆ ಮನೆಯಲ್ಲಿ ಒಂದು ಹೊತ್ತು ಉಣ್ಣಬೇಕು. ಒಲೆಯ ಮೇಲಿನ ಮೊದಲ ರೊಟ್ಟಿ ಅವನ ತಾಟಿಗೆ ಬೀಳಬೇಕು. ಅವನ ಅವ್ವ ಊರಿನ ದೊಡ್ಡ ಮನೆಗಳಿಂದ ಸೆರಗಿನಲ್ಲಿ ಕಟ್ಟಿಕೊಂಡು ಬರುತ್ತಿದ್ದ ಹಳಸಲು ಊಟ ತಿಂದು ಬೆಳೆದವನು ಅವನು. ಬಿಸಿಯಾದದ್ದನ್ನು, ತನಗೆಂದೇ ಮಾಡಿದ್ದನ್ನು, ಕುಳಿತು ಉಣ್ಣುವುದು ಅವನಿಗೆ ಕೂಲಿಗಿಂತ ದೊಡ್ಡದಾಗಿತ್ತು.

ಅಜ್ಜಿ ತೀರಿದ ಮೇಲೆ ಮುತ್ಯಾ ಆರು ವರ್ಷ ಒಬ್ಬನೇ ಇದ್ದು, ಕಣ್ಣು ಮಬ್ಬಾದಾಗ ನಮ್ಮಲ್ಲಿಗೆ ಬಂದ. ಅಪ್ಪ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದರಿಂದ ಅಮಾವಾಸ್ಯೆ ಬಿಟ್ಟು, ಅದು ಕಳೆದ ಮೊದಲ ಐತವಾರಕ್ಕೆ ಕಟಿಂಗ್ ಬಂತು. ಅಂದು ಬೆಳಗ್ಗೆ ಅಪ್ಪ ಟವೆಲು ಹೊದ್ದು ಹಿತ್ತಲಿನ ನೀರಿನ ತೊಟ್ಟಿಯ ಪಕ್ಕ ಸ್ಟೂಲಿನ ಮೇಲೆ ಕೂಡುತ್ತಿದ್ದ. ಆಮೇಲೆ ನಾನು. ನನ್ನ ಕೂದಲು ಕಿವಿಯ ಕೆಳಗೆ ಎರಡು ಬೆರಳಿನಷ್ಟು ಇರಬೇಕೆಂದು ಮುತ್ಯಾನೇ ಗೊತ್ತುಮಾಡಿದ್ದ.

"ಅಲ್ಲಾಡಬ್ಯಾಡ ಬೇ. ಅಲ್ಲಾಡಿದ್ರ ಅರ್ಧ ತಲಿ ದೇವದುರ್ಗಕ್ಕ, ಅರ್ಧ ತಲಿ ಮಾನ್ವಿಗೆ ಹೋಗ್ತದ."

"ನೀನು ಮಾತಾಡಿಸಿದ್ರ ನಾ ಅಲ್ಲಾಡ್ತೀನಿ ಮುತ್ಯಾ."

"ಹಂಗಾರ ನನ್ನ ಬಾಯಿ ಕಟ್ಟು. ಕತ್ರಿಗೆ ಬಾಯಿ ಅದ, ಅದು ಸಾಕು."

ನಮ್ಮ ಸ್ನಾನ ಮುಗಿಯುವಷ್ಟರಲ್ಲಿ ಅಡುಗೆಕೋಣೆಯಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ಮುತ್ಯಾ ಕೈಕಾಲು ತೊಳೆದು, ಒಗೆದ ರುಮಾಲು ಸುತ್ತಿ, ಒಲೆಯ ಎದುರಿಗೆ ಬಂದು ಕೂಡುತ್ತಿದ್ದ. ಉಬ್ಬಿದ ಮೊದಲ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿ, ಗುದ್ದಿದ ಉಳ್ಳಾಗಡ್ಡಿ. ಅವನು ಮೂರು ರೊಟ್ಟಿ ಉಂಡು ಎದ್ದ ಮೇಲೆಯೇ ಅಪ್ಪ ಕೂಡುತ್ತಿದ್ದದ್ದು. ಅಪ್ಪನ ಊರು ಬಾಗಲವಾಡ, ಕಾಲುವೆ ನೀರಿಗೆ ಭತ್ತ ಬೆಳೆಯುವ ಊರು, ಅನ್ನದ ಮನೆ. ಮುತ್ಯಾ ಅದನ್ನು ಹಿಡಿದು ಕಾಡುತ್ತಿದ್ದ.

"ಅನ್ನ ಉಂಡ್ರ ಕಣ್ಣು ತುಂಬ್ತದ್ರೀ, ಹೊಟ್ಟಿ ತುಂಬಂಗಿಲ್ಲ."

"ರೊಟ್ಟಿ ತಿಂದ್ರ ದವಡಿ ನೋಯ್ತದ್ರೀ ಮಾಮಾ," ಎಂದು ಅಪ್ಪ ನಗುತ್ತಿದ್ದ.

ನಾನು ಒಮ್ಮೆ ಹಟಮಾಡಿ ಪಾಕೀಟಿನ ನೂಡಲ್ಸ್ ತರಿಸಿಕೊಂಡಿದ್ದೆ. ಮುತ್ಯಾ ತಾಟಿನ ಹತ್ತಿರ ಮುಖ ತಂದು ನೋಡಿ ಕೇಳಿದ್ದ:

"ಇದೇನ್ ಬೇ, ಕಟಿಂಗ್ ಮಾಡಿ ಉಳಿದ ಕೂದ್ಲ ಬೇಯ್ಸೀಯೇನು?"

ಅಂದಿನಿಂದ ಪಾಕೀಟು ನನಗೆ ಸೇರಲಿಲ್ಲ. ಆದರೆ ನಾನು ಎಣಿಸಿದರೂ ಅರ್ಥಮಾಡಿಕೊಳ್ಳದ ಒಂದು ಸಂಗತಿ ಇತ್ತು. ತಿಂಗಳಲ್ಲಿ ಆ ಒಂದು ಐತವಾರ ಮಾತ್ರ ಮುತ್ಯಾ ಮೊದಲು ಉಣ್ಣುತ್ತಿದ್ದ. ಉಳಿದ ದಿನ ನಮ್ಮದೆಲ್ಲ ಆದಮೇಲೆ, "ಉಳಿದದ್ದು ಹಾಕವ್ವ" ಎನ್ನುತ್ತಿದ್ದ. ಅವ್ವ ಬಿಸಿ ರೊಟ್ಟಿ ಮುಚ್ಚಿಟ್ಟು ಅದನ್ನೇ ಉಳಿದದ್ದೆಂದು ಹೇಳಿ ಬಡಿಸುತ್ತಿದ್ದಳು.

ಆ ವರ್ಷ ಮುತ್ಯಾನ ಕೈ ನಡುಗತೊಡಗಿತು. ಕಣ್ಣಿನ ಮಬ್ಬೂ ಹೆಚ್ಚಿತ್ತು. ಕತ್ತರಿಯ ತುದಿ ಕಿವಿಗೆ, ಕುತ್ತಿಗೆಗೆ ತಾಗುತ್ತಿತ್ತು. ತಾಗಿದ್ದು ಅವನಿಗೆ ಕಾಣುತ್ತಿರಲಿಲ್ಲ. ಅಪ್ಪ ಹಲ್ಲು ಕಚ್ಚಿ ಟವೆಲಿನ ಅಂಚನ್ನು ಒತ್ತಿ ಹಿಡಿದು, "ಸೊಳ್ಳಿ ಕಡೀತ್ರೀ ಮಾಮಾ" ಎಂದುಬಿಡುತ್ತಿದ್ದ. ಕೂದಲೂ ಒಂದು ಕಡೆ ಏರು, ಒಂದು ಕಡೆ ಇಳಿ. ಅಪ್ಪ ಸೋಮವಾರ ಕಚೇರಿಗೆ ಹೋಗುವ ಮುಂಚೆ ಅವ್ವ ಬಾಗಿಲು ಮುಚ್ಚಿಕೊಂಡು, ಸದ್ದಾಗದಂತೆ ಸಣ್ಣ ಕತ್ತರಿಯಿಂದ ಸರಿಮಾಡುತ್ತಿದ್ದಳು. ನನಗೆ ಇಬ್ಬರೂ ಏನನ್ನೂ ಹೇಳಿರಲಿಲ್ಲ. ಹೇಳಿದ್ದರೆ ನಾನೂ ಸುಮ್ಮನಿರುತ್ತಿದ್ದೆನೇನೋ. ನಾನು ನನ್ನ ಪಾಡಿಗೆ ಹೊಸ ಕಾಲಂ ಒಂದನ್ನು ಎಳೆದು, ಮೇಲೆ 'ಗಾಯ' ಎಂದು ಬರೆದುಕೊಂಡಿದ್ದೆ.

ಐದನೆಯ ತಿಂಗಳ ಐತವಾರ ಅಪ್ಪನ ಎಡಕಿವಿಗೆ ದೊಡ್ಡ ಗಾಯವಾಯಿತು. ಸ್ನಾನ ಮುಗಿಸಿ ಹತ್ತಿ ಅಂಟಿಸಿಕೊಂಡು ಬಂದ. ಮುತ್ಯಾ ಒಲೆಯ ಎದುರಿಗೆ ಎರಡನೆಯ ರೊಟ್ಟಿ ಮುರಿಯುತ್ತಿದ್ದ. ಬಿಳಿಯ ಹತ್ತಿ ಅವನ ಮಬ್ಬುಗಣ್ಣಿಗೂ ಕಂಡಿತು.

"ಕಿವಿಗೆ ಏನಾತ್ರೀ ಅದು?"

"ಏನಿಲ್ರೀ ಮಾಮಾ. ಕಚೇರ್ಯಾಗ ಕಪಾಟಿನ ಬಾಗ್ಲ ಬಡೀತು."

"ಇವತ್ತು ಐತವಾರ ಅಲ್ಲೇನು? ಕಚೇರಿಗೆ ಯಾವಾಗ ಹೋಗಿದ್ದಿ ಅಪ್ಪಾ?" ಎಂದೆ ನಾನು. ಮುತ್ಯಾ ಹೋ ಎಂದು ನಕ್ಕ.

"ನೋಡ್ರೀ, ವಕೀಲಮ್ಮನ ಮುಂದ ಸಿಕ್ಕೊಂಡ್ರಿ!"

"ನಿನ್ನಿ ಬಡಿದಿತ್ತು," ಎಂದ ಅಪ್ಪ. ಅವನ ದನಿ ಗಟ್ಟಿಯಾಗಿತ್ತು. ಅವ್ವ ಹಂಚಿನ ಮುಂದಿನಿಂದ ನನ್ನ ಕಡೆ ಕಣ್ಣು ಬಿಟ್ಟಳು. ನಾನು ಲಕ್ಷ್ಯ ಕೊಡಲಿಲ್ಲ. ನಕ್ಕ ಮುತ್ಯಾನ ಮುಂದೆ ಗೆಲ್ಲಬೇಕಾಗಿತ್ತು.

"ನಿನ್ನಿ ಕಿವಿ ಚಲೋ ಇತ್ತು. ಕಟಿಂಗ್ ಮಾಡುವಾಗ ರಕ್ತ ಬಂತು. ಮುತ್ಯಾನ ಕತ್ರಿ ತಾಗಿದ್ದದು. ನಾ ಬರ್ದಿಟ್ಟೀನಿ."

ಓಡಿಹೋಗಿ ನೋಟ್‌ಬುಕ್ಕು ತಂದೆ. ಅಪ್ಪ "ಸುಜಾತಾ" ಎಂದು ಒಮ್ಮೆ ಕರೆದ. ನಾನು ಓದಿದೆ. ಮೊದಲ ತಿಂಗಳು ಅಪ್ಪನ ಕುತ್ತಿಗೆ. ಎರಡನೆಯ ತಿಂಗಳು ಅಪ್ಪನ ಕಿವಿ, ನನ್ನ ಕಿವಿ. ಕೊನೆಯವರೆಗೂ ಓದಿದೆ. ಹಂಚಿನ ಮೇಲಿನ ರೊಟ್ಟಿ ಸೀದು ಹೊಗೆ ಬಂತು, ಅವ್ವ ಅದನ್ನು ತಿರುವಲಿಲ್ಲ.

"ಎಲ್ಲಾ ಕೂಡಿ ಎಷ್ಟಾತವ್ವ?" ಎಂದು ಮುತ್ಯಾ ಕೇಳಿದ.

"ಐದು ಸಲದಾಗ ಏಳು. ಅಪ್ಪನವು ಐದು, ನನ್ನವು ಎರಡು."

"ಲೆಕ್ಕ ಚಲೋ ಇಟ್ಟೀದಿ," ಎಂದ. ಕೈಯಲ್ಲಿದ್ದ ತುತ್ತನ್ನು ಬಾಯಿಗೆ ಇಟ್ಟುಕೊಂಡು, ಬಹಳ ಹೊತ್ತು ಅಗಿದು ನುಂಗಿದ. ಉಳಿದ ರೊಟ್ಟಿಯನ್ನು ಮಡಿಚಿ ತಾಟಿನ ಅಂಚಿಗೆ ಇಟ್ಟು, ಎದ್ದು, ಅಪ್ಪನ ಹತ್ತಿರ ಬಂದು ಕಿವಿಯ ಹತ್ತಿಯನ್ನು ಬೆರಳಿನಿಂದ ಮುಟ್ಟಿ ನೋಡಿದ. "ಹೇಳಬಾರದೇನ್ರೀ," ಎಂದಷ್ಟೇ ಹೇಳಿ ಕಟ್ಟೆಗೆ ಹೋದ.

ಮುಂದಿನ ತಿಂಗಳ ಐತವಾರ ಅಪ್ಪ ಎಂದಿನಂತೆ ಟವೆಲು ಹೊದ್ದು ಸ್ಟೂಲಿನ ಮೇಲೆ ಕುಳಿತ. ಮುತ್ಯಾ ಕಟ್ಟೆಯಿಂದ ಏಳಲಿಲ್ಲ. ಅಪ್ಪ ಎರಡು ಸಲ ಕರೆದ, ಆಮೇಲೆ ತಾನೇ ಕಟ್ಟೆಗೆ ಹೋಗಿ ಅವನ ಮುಂದೆ ತಲೆ ಬಗ್ಗಿಸಿ ಕುಳಿತ.

"ಅಂಗಡಿಗೆ ಹೋಗ್ರೀ. ನೀವು ನಾಕು ಮಂದ್ಯಾಗ ಕೂಡೋರು."

"ನಂಗ ನಿಮ್ಮ ಕೈನೇ ಬೇಕ್ರೀ ಮಾಮಾ."

"ಕೈ ನನ್ನ ಮಾತು ಕೇಳಂಗಿಲ್ರೀ. ನಿಮ್ಮ ಮಾತು ಕೇಳ್ತದೇನು?"

ಅಪ್ಪ ಹೋದ. ನನ್ನ ನೋಟ್‌ಬುಕ್ಕಿನ ಪ್ರಕಾರ ಐವತ್ತು ನಿಮಿಷದ ಮೇಲೆ ವಾಪಸು ಬಂದ. ಕುತ್ತಿಗೆಯಲ್ಲಿ ಪೌಡರಿನ ವಾಸನೆ, ಕೂದಲು ಎರಡೂ ಕಡೆ ಸಮ. ಮುತ್ಯಾ ಅವನನ್ನು ಕಟ್ಟೆಯ ಹತ್ತಿರ ನಿಲ್ಲಿಸಿಕೊಂಡು ವಿಚಾರಿಸಿದ.

"ಯಾವೂರು, ಯಾರ ಪೈಕಿ ಅಂತ ಕೇಳಿದ್ರೇನ್ರೀ?"

"ಇಲ್ರೀ."

"ಕುರ್ಚಿ ಮ್ಯಾಲ ಕೂಡಿಸಿದ್ರು?"

"ಹೂಂನ್ರೀ. ತಿರುಗೋ ಕುರ್ಚಿ."

"ಕೈಯಿಂದ ತಲಿ ಮುಟ್ಟಿದ್ರು?"

"ಮುಟ್ಟಿದ್ರು ಮಾಮಾ. ಎಣ್ಣಿ ಹಚ್ಚಿ ತಿಕ್ಕಿದ್ರು."

ಮುತ್ಯಾ "ಚಲೋ ಆತು, ಚಲೋ ಆತು" ಎಂದು ಎರಡು ಸಲ ಹೇಳಿದ. ಅವನಿಗೆ ನಿಜವಾಗಿ ಸಂತೋಷವಾಗಿತ್ತು, ಅದು ಮುಖದಲ್ಲಿ ಕಾಣುತ್ತಿತ್ತು. ಒಳಗಿನಿಂದ ಅವ್ವ, "ಯಪ್ಪಾ, ಬಾ, ಹಂಚು ಕಾದದ" ಎಂದು ಕೂಗಿದಳು. ಅವನು ಹೋಗಲಿಲ್ಲ. ನಾವೆಲ್ಲ ಉಂಡ ಮೇಲೆ ಬಂದು, ಹಿಂದಿನ ದಿನದ ಒಣಗಿದ ಕಟಕು ರೊಟ್ಟಿ ಕೇಳಿ ಪಡೆದು, ಮಜ್ಜಿಗೆಯಲ್ಲಿ ನೆನೆಸಿ ತಿಂದ. ಅಂದು ಅವನ ರೊಟ್ಟಿ ಒಂದೂವರೆ. ಅಲ್ಲಿಂದ ಮುಂದೆ ಅವನ ಕಾಲಂನಲ್ಲಿ ಒಂದು, ಒಂದು, ಅರ್ಧ, ಒಂದು, ಅರ್ಧ ಎಂದು ಇದೆ. ದಿನಾ ಬರೆದವಳು ನಾನು. ಮೇಲಿನಿಂದ ಕೆಳಗೆ ಒಂದು ಸಲವೂ ಓದಿ ನೋಡಿರಲಿಲ್ಲ.

ಅವ್ವ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಅದಕ್ಕೂ ಒಂದು ಗೆರೆ ಎಳೆದು ಮರೆಯುತ್ತಿದ್ದೆ. ಒಂದು ಸಂಜೆ ಹಿಟ್ಟು ನಾದುತ್ತಾ, ತನಗೆ ತಾನೇ ಹೇಳಿಕೊಳ್ಳುವಂತೆ ಹೇಳಿದಳು.

"ಮಗಳ ಮನ್ಯಾಗ ಅಪ್ಪ ಬಂದು ಕುಂತು ಉಣ್ಣಬಾರದಂತ ಅವನ ಮನಸಿನ್ಯಾಗ ಅದ. ಅಳಿಯನ ಅನ್ನ ಅಂತಾನ. ತಿಂಗ್ಳಿಗೊಮ್ಮಿ ಕತ್ರಿ ಹಿಡಿದ್ರ, ಅದು ದುಡಿದ ಊಟ. ಅದರ ಮ್ಯಾಲ ಉಳಿದ ದಿನ ಹೆಂಗೋ ನುಂಗ್ತಿದ್ದ. ನಿಮ್ಮಪ್ಪ ಕಿವಿ ಹರ್ಕೊಂಡು ಯಾಕ ಕುಂದರ್ತಿದ್ದ ಅಂತ ತಿಳ್ಕೊಂಡೀದಿ?"

ಅವಳ ಕೈ ನಾದುತ್ತಲೇ ಇತ್ತು. ನಾನು ಕಟ್ಟೆಗೆ ಹೋಗಿ ಮುತ್ಯಾನ ಮುಂದೆ ಬೆನ್ನು ಮಾಡಿ ಕುಳಿತು, "ನನಗ ಕಟಿಂಗ್ ಮಾಡು" ಎಂದೆ. ಅವನು ನನ್ನ ತಲೆಯ ಮೇಲೆ ಕೈ ಇಟ್ಟ. ಕೈ ನಡುಗುವುದು ನನ್ನ ನೆತ್ತಿಗೆ ತಿಳಿಯುತ್ತಿತ್ತು.

"ಎಂಟನೇದು ಬರ್ಸಂಗ ಆಗ್ತದ ಬಿಡು," ಎಂದ.

ನಾನು ಅತ್ತೆ. ಅವನಿಗೆ ಅದು ಗೊತ್ತಾಯಿತೋ ಇಲ್ಲವೋ. ಆಮೇಲೆ ನನಗೆ ತೋಚಿದ್ದು ಒಂದೇ. ತನ್ನ ಕೂದಲನ್ನು ತಾನೇ ಸಣ್ಣ ಕನ್ನಡಿ ಹಿಡಿದು ಕತ್ತರಿಸಿಕೊಳ್ಳುತ್ತಿದ್ದ ಮುತ್ಯಾ ಅದನ್ನೂ ಬಿಟ್ಟಿದ್ದ. ರುಮಾಲಿನ ಕೆಳಗೆ ಬಿಳಿಗೂದಲು ಅಂಗಿಯ ಕಾಲರಿನ ಮೇಲೆ ಬಿದ್ದಿತ್ತು. "ಹಂಗಾರ ನಂಗ ಕಲಿಸು. ನಿನ್ನ ತಲಿ ಮ್ಯಾಲ ಕಲೀತೀನಿ" ಎಂದೆ. ಮೂರನೆಯ ದಿನ ಮುತ್ಯಾ ಸುತ್ತಿದ್ದ ಅಂಗಿಯ ತುಂಡು ಬಿಚ್ಚಿ ಕತ್ತರಿಯನ್ನು ನನ್ನ ಕೈಗೆ ಕೊಟ್ಟ.

ಆ ಐತವಾರ ಸ್ಟೂಲಿನ ಮೇಲೆ ಮುತ್ಯಾ, ಹಿಂದೆ ನಾನು. ಎಡಗೈಯ ಹಣಿಗೆಯಿಂದ ಕೂದಲು ಎತ್ತಿ ಹಿಡಿಯುವುದು, ಹಣಿಗೆಯ ಮೇಲೆ ಉಳಿದಷ್ಟನ್ನೇ ಕತ್ತರಿಸುವುದು, ಕಿವಿಯ ಹತ್ತಿರ ಬಂದಾಗ ಕಿವಿಯನ್ನು ಬೆರಳಿನಿಂದ ಮಡಿಚುವುದು, ಎಲ್ಲವನ್ನೂ ಅವನು ಎದುರಿನ ಗೋಡೆಗೆ ಹೇಳುವಂತೆ ಹೇಳಿದ. ಕತ್ತರಿ ಭಾರವಾಗಿತ್ತು. ಅವನ ಕಿವಿಯ ಹಿಂದಿನ ಚರ್ಮ ಹಳೆಯ ಕಾಗದದ ಹಾಗೆ ತೆಳ್ಳಗಿತ್ತು. ಮುಗಿಯುವಷ್ಟರಲ್ಲಿ ಒಂದು ತಾಸಾಯಿತು. ಗಾಯ ಆಗಲಿಲ್ಲ, ಆದರೆ ಹಿಂದೆ ಮೆಟ್ಟಿಲು ಮೆಟ್ಟಿಲಾಗಿತ್ತು. ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಮುಖ ತೊಳೆದುಕೊಂಡ ಮುತ್ಯಾ ಏನೋ ನೆನಪಾದವನಂತೆ ನಿಂತ.

"ಕತ್ರಿ ಹಿಡಿದಾಕಿ ನೀನು. ನಿನಗ ಮೊದಲ ರೊಟ್ಟಿ ಹಾಕ್ಬೇಕು."

"ಬಾ ಮತ್ತ, ಅವ್ವ ಒಲಿ ಹಚ್ಚ್ಯಾಳ."

"ಅದು ನಿಮ್ಮಪ್ಪನ ಮನಿ ರೊಟ್ಟಿ. ತಲಿ ನಂದು, ಮನಿ ನಂದಲ್ಲ. ನಿನ್ನ ಎಲ್ಲಿ ಕೂಡಿಸಲಿ ಬೇ?"

"ಯಪ್ಪಾ, ಹಂಗ ಅನಬ್ಯಾಡ," ಎಂದಳು ಅವ್ವ. ಅವನು ಅವಳ ಕಡೆ ತಿರುಗಲಿಲ್ಲ. ನನ್ನನ್ನೇ ನೋಡಿ, "ನಾಳಿ ಸಾಲಿ ಬಿಡು. ಊರಿಗೆ ಹೋಗೂಣು," ಎಂದ.

ಮರುದಿನ ಅವ್ವ ಬುತ್ತಿ ಕಟ್ಟಿಕೊಟ್ಟಳು. ಮುತ್ಯಾ ಅದನ್ನು ಬಾಗಿಲಲ್ಲೇ ವಾಪಸು ಕೊಟ್ಟ. ಅಪ್ಪ ನಮ್ಮನ್ನು ಬಸ್‌ಸ್ಟ್ಯಾಂಡಿನವರೆಗೆ ಕರೆತಂದು ಕಿಟಕಿಯ ಸೀಟು ಹಿಡಿದುಕೊಟ್ಟ. ದೇವದುರ್ಗದಲ್ಲಿ ಇಳಿದು, ಟಂಟಂ ಆಟೋ ಹಿಡಿದು ಊರು ತಲುಪಿದಾಗ ಬಿಸಿಲು ಏರಿತ್ತು. ಮುತ್ಯಾನ ಮನೆ ಎಂದರೆ ಒಂದೇ ಕೋಣೆ. ಪಕ್ಕದ ಮನೆಯ ಮಾರೆಮ್ಮ ಅದರಲ್ಲಿ ಆಡು ಕಟ್ಟುತ್ತಿದ್ದಳು. ಮುದುಕಿ ಅವನನ್ನು ಕಂಡು ಓಡಿಬಂದವಳು, ರುಮಾಲು ತೆಗೆದ ತಲೆಯನ್ನು ನೋಡಿ ಬಾಯಿಗೆ ಸೆರಗು ಹಿಡಿದಳು.

"ಯಪ್ಪಾ ಹಣಮಣ್ಣ! ಯಾರೋ ಇದು ನಿನ್ನ ತಲಿ ಕೆರೆದವ್ರು? ನನ್ನ ಆಡು ಮೇಯ್ದ್ರ ಇದ್ಕಿಂತ ಚೆಂದ ಮೇಯ್ತಿತ್ತು."

"ನನ್ನ ಮೊಮ್ಮಗಳು ಮಾಡ್ಯಾಳ. ಬಾಯಿ ಮುಚ್ಕೊಂಡು ಆಡು ಬಿಚ್ಚು. ಆಕಿನ ಊಟಕ್ಕ ಕರಕೊಂಡು ಬಂದೀನಿ."

ಆಡು ಹೊರಗೆ ಹೋದವು. ನಾನು ಕಸ ಗುಡಿಸಿದೆ. ಮುತ್ಯಾ ಒಂದು ರುಮಾಲನ್ನು ಕೈಮೇಲೆ ಹರಡಿಕೊಂಡು ಕೇರಿಯಲ್ಲಿ ಮನೆಮನೆಗೆ ಹೋದ. ನಾನೂ ಹಿಂದೆ ಹೋದೆ. ಒಬ್ಬ ನಡುವಯಸ್ಸಿನವನ ಬಾಗಿಲಲ್ಲಿ ನಿಂತು, "ಕೂಸಿದ್ದಾಗ ನಿನ್ನ ಜಡೀ ತೆಗೆದವ ನಾನು. ನಿಮ್ಮಪ್ಪನ ಮದುವಿ ದಿನ ಅವನ ತಲಿನೂ ನಾನೇ ಮಾಡೀನಿ. ಒಂದು ಬೊಗಸಿ ಹಿಟ್ಟು ಹಾಕು," ಎಂದ. ಬೇಡುವವನ ದನಿ ಅದಲ್ಲ, ತನ್ನದನ್ನು ಕೇಳುವವನ ದನಿ. ಯಾರೂ ಇಲ್ಲ ಎನ್ನಲಿಲ್ಲ. ಒಂದು ಮನೆಯಿಂದ ಹಿಟ್ಟು, ಇನ್ನೊಂದರಿಂದ ಹಿಂಡಿ, ಮತ್ತೊಂದರಿಂದ ಎರಡು ಉಳ್ಳಾಗಡ್ಡಿ. ಮಾರೆಮ್ಮ ಹಂಚು ಕೊಟ್ಟು, "ಅತ್ತಾಗ ಸರಿ, ನಾ ಬಡಿತೀನಿ" ಎಂದಳು. ಮುತ್ಯಾ ಬಿಡಲಿಲ್ಲ. ಆರು ವರ್ಷ ಒಬ್ಬನೇ ಬೇಯಿಸಿಕೊಂಡು ಉಂಡವನು. ಒಲೆಯ ಮುಂದೆ ಕುಳಿತು ಹಿಟ್ಟು ನಾದಿ, ಎರಡೂ ಅಂಗೈಯಿಂದ ರೊಟ್ಟಿ ಬಡಿದ. ಬಡಿಯುವಾಗ ಅವನ ಕೈ ನಡುಗುವುದು ಕಾಣಲಿಲ್ಲ. ಮೊದಲ ರೊಟ್ಟಿ ನನ್ನ ತಾಟಿಗೆ ಬಿತ್ತು. ದಪ್ಪಗಿತ್ತು, ಅಂಚು ಸೀಳಿತ್ತು, ಬೆರಳು ಸುಡುವಷ್ಟು ಬಿಸಿಯಾಗಿತ್ತು. "ಉಣ್ಣು," ಎಂದು ಅವನು ನನ್ನ ಮುಖವನ್ನೇ ನೋಡುತ್ತಾ ಕುಳಿತ. ನಾನು ಎರಡು ಉಂಡೆ. ಆಮೇಲೆ ಮಾರೆಮ್ಮನಿಗೆ ಬಡಿಸಿದ. ಕೊನೆಗೆ ತಾನು, ಮನೆಯ ಯಜಮಾನ ಉಣ್ಣುವ ಹಾಗೆ, ಕಾಲು ಚಾಚಿ ಗೋಡೆಗೆ ಒರಗಿ, ಮೂರು ರೊಟ್ಟಿ ಉಂಡ.

ಸಂಜೆಯ ಬಸ್ಸಿಗೆ ನಾವು ರಾಯಚೂರಿಗೆ ವಾಪಸು ಬಂದೆವು. ರಾತ್ರಿ ಅವ್ವ ಬಡಿಸಲು ಬಂದಾಗ "ಹೊಟ್ಟಿ ತುಂಬೇದವ್ವ" ಎಂದ. ಮರುದಿನದಿಂದ ಮತ್ತೆ ಅರ್ಧ. ನಾನು ಅವನ ಕೂದಲನ್ನು ಇನ್ನೊಂದು ಸಲ ಚೆನ್ನಾಗಿ ಕತ್ತರಿಸಬೇಕೆಂದು ನಮ್ಮ ಓಣಿಯ ಹುಡುಗಿಯರ ತಲೆಗಳ ಮೇಲೆ ಕಲಿಯುತ್ತಿದ್ದೆ. ಮುಂದಿನ ಕಟಿಂಗಿನ ಐತವಾರ ಬರುವ ಮುಂಚೆಯೇ, ಮೂರು ದಿನದ ಜ್ವರದಲ್ಲಿ, ಮುತ್ಯಾ ತೀರಿಕೊಂಡ. ಊರಿಗೆ ಒಯ್ದಾಗ ಕೇರಿಯ ಗಂಡಸರೆಲ್ಲ ಬಂದಿದ್ದರು. ಅವರ ತಲೆಗಳನ್ನು ನಾನು ಒಂದೊಂದಾಗಿ ನೋಡುತ್ತಾ ನಿಂತಿದ್ದೆ.

ನಾನು ಹೆಚ್ಚಾಗಿ ನೆನೆಯುವುದು ಮುತ್ಯಾನ ಮನೆಯಲ್ಲಿ ಅಂದಿನ ಊಟ ಮುಗಿದ ಮೇಲಿನ ಗಳಿಗೆಯನ್ನು. ಮನೆಯಲ್ಲಿ ಅಭ್ಯಾಸವಾದಂತೆ ನಾನು ಉಂಡ ತಾಟನ್ನು ತೊಳೆಯಲು ಎತ್ತಿಕೊಂಡೆ. ಮುತ್ಯಾ ನನ್ನ ಮಣಿಕಟ್ಟು ಹಿಡಿದ.

"ಇಡು ಅದನ್ನ. ನನ್ನ ಮನಿಗೆ ಊಟಕ್ಕ ಬಂದಾಕಿ ನೀನು."

ತಾಟನ್ನು ನನ್ನ ಕೈಯಿಂದ ತೆಗೆದುಕೊಂಡು ಬಾಗಿಲ ಹೊರಗೆ ಕಲ್ಲಿನ ಮೇಲೆ ಕುಳಿತ. ನೀರಿನ ಚರಿಗೆ ಎತ್ತಿದಾಗ ಅವನ ಕೈ ಮತ್ತೆ ನಡುಗಿ, ಅರ್ಧ ನೀರು ತಾಟಿಗೆ, ಅರ್ಧ ನೀರು ಅವನ ಪಾದದ ಮೇಲೆ ಬಿತ್ತು. ನಾನು ಏಳಲಿಲ್ಲ. ಅವನು ಬೂದಿ ಹಚ್ಚಿ, ಎರಡು ಸಲ ತಿಕ್ಕಿ, ತೊಳೆದು, ಬಿಸಿಲಿಗೆ ಒರಗಿಸಿ ಇಟ್ಟ.